ಪದ ಮುಗಿದಲ್ಲಿ ಕತ್ತರಿ
ಇಡೀ ರಾತ್ರಿಯ ಯಕ್ಷಗಾನದ ವಿಡಿಯೊವನ್ನು ಹಂಚಬೇಕೆಂದರೆ ತುಂಡರಿಸದೆ ಗತಿಯಿಲ್ಲ. ಜಿಮೇಲ್ ಲಗತ್ತಿಗೆ 25 ಎಂಬಿ ಗಡಿ. ಖಾತೆ ದೃಢೀಕರಿಸದಿದ್ದರೆ ಯೂಟ್ಯೂಬ್ 15 ನಿಮಿಷ ಮೀರಿದ್ದನ್ನು ಒಳಗೆ ಬಿಡದು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ಮರು ಎನ್‌ಕೋಡ್ ಮಾಡದೆ ಕತ್ತರಿಸಿದರೆ ಗುಣಮಟ್ಟ ಕಿಂಚಿತ್ತೂ ಕುಂದುವುದಿಲ್ಲ. ಕತ್ತರಿ ಮಾತ್ರ ನಾವು ಹೇಳಿದ ಕ್ಷಣಕ್ಕೇ ಬೀಳದೆ ಹತ್ತಿರದ ಕೀಫ್ರೇಮ್‌ಗೆ ಸರಿಯುತ್ತದೆ, ಕೆಲವು ಸೆಕೆಂಡು ಆಚೀಚೆ. ಮೊನ್ನೆ ನನಗೆ ಬಂದ ತುಣುಕೊಂದರಲ್ಲಿ ಭಾಗವತರು ಪದ ಎತ್ತಿದ್ದರಷ್ಟೆ, ಚೆಂಡೆಗೆ ಕೋಲು ಬೀಳುವ ಮೊದಲೇ ಪರದೆ ಕಪ್ಪಾಯಿತು, ಜೀವ ಚುರ್ರೆಂದಿತು. ದಯವಿಟ್ಟು ಗಡಿಯಾರ ನೋಡಿ ಕತ್ತರಿಸಬೇಡಿ. ಪದ ಮುಗಿದು ವೇಷ ಒಳಸರಿಯುವವರೆಗೆ ಕಾಯಿರಿ. ಹೆಸರಿಡುವಾಗ 01, 02 ಎಂದು ಸೊನ್ನೆ ಸೇರಿಸಿ. ಇಲ್ಲದಿದ್ದರೆ ಎಷ್ಟೋ ಟಿವಿಗಳಲ್ಲಿ 10ನೆಯ ತುಣುಕು 2ಕ್ಕಿಂತ ಮೊದಲೇ ಬಂದು ಕೂರುತ್ತದೆ.