ಕುಡಿತ ಬಿಡಿಸಿದರೆ ಸಾಲದು



ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಮರಳಿದ ನನ್ನ ತಮ್ಮ ಹಬ್ಬದ ದಿನ ಒಂದು ಗುಟುಕು ಕುಡಿದ. ‘ವ್ರತ ಕೆಟ್ಟಿತು, ಇನ್ನೇನು’ ಎಂದುಕೊಂಡವನು ವಾರಪೂರ್ತಿ ಕುಡಿದ. ನಾವೂ ‘ನಾಯಿ ಬಾಲ ಡೊಂಕು’ ಎಂದು ಹಂಗಿಸಿದೆವು. ಆದರೆ ಅವನನ್ನು ಕೆಡವಿದ್ದು ಆ ಗುಟುಕಿಗಿಂತ ಹೆಚ್ಚಾಗಿ ‘ಇನ್ನೇನು’ ಎಂಬ ಯೋಚನೆ.

ಅರಿವಿನ ಚಿಕಿತ್ಸೆ ಎಂಬ ಮನೋಚಿಕಿತ್ಸೆ ಕೈಹಾಕುವುದು ಈ ಯೋಚನೆಗೇ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆಗೆಂದು ರೂಪಿಸಿದ ಈ ವಿಧಾನವನ್ನು ಮುಂದೆ ವ್ಯಸನಕ್ಕೂ ಅಳವಡಿಸಲಾಯಿತು. ಯಾವ ಹೊತ್ತು, ಯಾವ ಗೆಳೆಯ, ಯಾವ ಬೇಸರ ಬಾಟಲಿಯತ್ತ ಎಳೆಯುತ್ತದೆ ಎಂದು ಬರೆದಿಡುವುದು, ‘ಇವತ್ತೊಂದು ದಿನ ಮಾತ್ರ’ ಎನ್ನುವ ಮನಸ್ಸಿಗೆ ಉತ್ತರ ಸಿದ್ಧವಿಟ್ಟುಕೊಳ್ಳುವುದು, ಚಪಲ ಅಲೆಯಂತೆ ಎದ್ದು ಇಳಿಯುವವರೆಗೆ ತಡೆದುಕೊಳ್ಳುವುದು ಇದರ ಅಭ್ಯಾಸಗಳು. ಒಮ್ಮೆ ಜಾರುವುದು ಪೂರ್ತಿ ಬೀಳುವುದಲ್ಲ ಎಂಬುದು ಇದರ ದೊಡ್ಡ ಪಾಠ. ನನ್ನ ತಮ್ಮ ಈಗ ಅದನ್ನೇ ಕಲಿಯುತ್ತಿದ್ದಾನೆ.

ಈ ಚಿಕಿತ್ಸೆ ಔಷಧಕ್ಕೆ ಬದಲಿಯಲ್ಲ. ಬಹುಕಾಲ ವಿಪರೀತ ಕುಡಿದವರು ದಿಢೀರನೆ ನಿಲ್ಲಿಸಿದರೆ ಪ್ರಾಣಾಪಾಯವೂ ಆಗಬಹುದು. ವೈದ್ಯರ ನಿಗಾ ಬೇಕೇ ಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ಆದರೆ ಕೂಲಿ ಬಿಟ್ಟು ವಾರವಾರ ಅಲ್ಲಿಗೆ ಹೋಗಲು ಹಳ್ಳಿಯವರಿಗೆ ಸಾಧ್ಯವೇ? ತಾಲ್ಲೂಕು ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರನ್ನು ಸರ್ಕಾರ ನೇಮಿಸಲಿ. ಅಲ್ಲಿಯವರೆಗೆ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಕಾಣಲಿ. ಹಂಗಿಸುವ ನಾಲಿಗೆಗೆ ನಾವೂ ಕಡಿವಾಣ ಹಾಕೋಣ.

– ನಿವೃತ್ತ ಶಿಕ್ಷಕ, ತಿಪಟೂರು