ಪರಂಗಿಯವರ ಜಗಳ, ಹೈಡ್ ಪಾರ್ಕಿನ ಫಿರಂಗಿ



ಏಪ್ರಿಲ್ 25ರ ಆನ್ಜಾಕ್ ದಿನ ಬಂದಾಗಲೆಲ್ಲ ನಮ್ಮ ಮಕ್ಕಳು ಕೇಳುವುದುಂಟು: ಯುರೋಪಿನಲ್ಲಿ ಹುಟ್ಟಿದ ಯುದ್ಧಕ್ಕೂ ನಮಗೂ ಏನು ಸಂಬಂಧ? ಉತ್ತರ ಬೇಕಾದವರು ನಾರ್ವೆಸ್ಟಿನಲ್ಲಿ ಮೆಟ್ರೋ ಹತ್ತಿ ಸಿಡ್ನಿಯ ಹೈಡ್ ಪಾರ್ಕಿಗೆ ಹೋಗಿಬರಬಹುದು. ಅಲ್ಲಿ ಮೂಲೆಯಲ್ಲಿರುವ ಫಿರಂಗಿ 'ಎಮ್ಡೆನ್' ಎಂಬ ಜರ್ಮನ್ ಹಡಗಿನದು.

ಜರ್ಮನಿಯ ಹಡಗಿಗೆ ನಮ್ಮ ಸಮುದ್ರದಲ್ಲಿ ಏನು ಕೆಲಸ? ಬ್ರಿಟನ್, ಫ್ರಾನ್ಸ್‌ಗಳು ಆಗಲೇ ಏಷ್ಯಾ, ಆಫ್ರಿಕಾಗಳನ್ನು ಬಹುಪಾಲು ಹಂಚಿಕೊಂಡಿದ್ದವು. ಪಂಕ್ತಿಗೆ ತಡವಾಗಿ ಬಂದ ಜರ್ಮನಿ ತನಗೂ ಎಲೆ ಹಾಕಿರೆಂದಿತು. 1898ರಲ್ಲಿ ಚೀನಾದ ತ್ಸಿಂಗ್‌ಟಾವ್ ಬಂದರನ್ನು ಗುತ್ತಿಗೆಗೆ ಪಡೆಯಿತು. ಅದೇ ವರ್ಷ ದೊಡ್ಡ ನೌಕಾಪಡೆ ಕಟ್ಟಲು ಕಾನೂನು ಮಾಡಿತು. ಬ್ರಿಟನ್ 1906ರಲ್ಲಿ 'ಡ್ರೆಡ್‌ನಾಟ್' ಎಂಬ ಭಾರಿ ಯುದ್ಧನೌಕೆಯನ್ನು ನೀರಿಗಿಳಿಸಿದರೆ, ಜರ್ಮನಿಯೂ ಅಂಥವನ್ನೇ ಕಟ್ಟತೊಡಗಿತು. ಮೊರಾಕ್ಕೋ ವಿಷಯದಲ್ಲಿ 1905ರಲ್ಲೂ 1911ರಲ್ಲೂ ಫ್ರಾನ್ಸ್ ಮತ್ತು ಜರ್ಮನಿ ಜಗಳವಾಡಿದವು. ಬ್ರಿಟನ್ ಫ್ರಾನ್ಸಿನ ಪಕ್ಷ ಹಿಡಿಯಿತು. ಬಾಲ್ಕನ್ ನಾಡುಗಳಲ್ಲಿ ಆಸ್ಟ್ರಿಯಾ, ರಷ್ಯಾಗಳ ಪೈಪೋಟಿ ಬೇರೆ.

ಹೀಗೆ ಒಣಗಿದ್ದ ಬಣವೆಗೆ ಕಿಡಿ ಬಿದ್ದದ್ದು 1914ರ ಜೂನ್ 28ರಂದು, ಸರಾಯೇವೋದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾದಾಗ. ಆಸ್ಟ್ರಿಯಾ ಸೆರ್ಬಿಯಾದ ಮೇಲೆ ಬಿತ್ತು. ಸೆರ್ಬಿಯಾದ ಬೆನ್ನಿಗೆ ರಷ್ಯಾ, ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ, ರಷ್ಯಾದ ಜೊತೆಗೆ ಫ್ರಾನ್ಸ್. ಜರ್ಮನ್ ಸೈನ್ಯ ಬೆಲ್ಜಿಯಮ್ಮಿಗೆ ನುಗ್ಗಿದ್ದೇ ಆಗಸ್ಟ್ 4ರಂದು ಬ್ರಿಟನ್ನೂ ಇಳಿಯಿತು.

ಬ್ರಿಟನ್ ಇಳಿಯಿತೆಂದರೆ ಅದರ ಸಾಮ್ರಾಜ್ಯವೆಲ್ಲ ಇಳಿದಂತೆ. ಮರುದಿನವೇ ಮೆಲ್ಬರ್ನಿನ ನೆಪಿಯನ್ ಕೋಟೆಯಿಂದ, ಬಂದರು ಬಿಟ್ಟು ಹೊರಟಿದ್ದ 'ಫಾಲ್ಟ್ಸ್' ಎಂಬ ಜರ್ಮನ್ ಹಡಗಿನತ್ತ ಗುಂಡು ಹಾರಿತು. ತ್ಸಿಂಗ್‌ಟಾವ್‌ನಲ್ಲಿ ನೆಲೆಯಿದ್ದ ಎಮ್ಡೆನ್ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಎಣ್ಣೆ ತೊಟ್ಟಿಗಳನ್ನು ಸುಟ್ಟಿತು. ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಅದನ್ನು ಮುಗಿಸಿದ ಹಡಗಿನ ಹೆಸರೇ 'ಸಿಡ್ನಿ'.

ಮೈಸೂರೂ ಹೊರಗುಳಿಯಲಿಲ್ಲ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧವೆಚ್ಚಕ್ಕೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ಗೆದ್ದಿತು. ಆ ಇಡೀ ಅಶ್ವದಳದ ದಂಡನಾಯಕ ಆಸ್ಟ್ರೇಲಿಯಾದ ಹ್ಯಾರಿ ಶೊವೆಲ್. ನಮ್ಮ ಹಿರಿಯರೂ ಈ ನಾಡಿನವರೂ ಒಂದೇ ಪಾಳೆಯದಲ್ಲಿದ್ದರು.

ಆ ಯುದ್ಧದಲ್ಲಿ ಆಸ್ಟ್ರೇಲಿಯಾದ ಸುಮಾರು 60,000 ಮಂದಿ, ಭಾರತದ 74,000ಕ್ಕೂ ಹೆಚ್ಚು ಮಂದಿ ಮಡಿದರು. ಕಡ್ಡಾಯ ಸೈನ್ಯ ಸೇವೆ ಬೇಕೇ ಎಂದು 1916ರಲ್ಲೂ 1917ರಲ್ಲೂ ಇಲ್ಲಿಯ ಜನರನ್ನು ಕೇಳಿದರು. ಎರಡು ಸಲವೂ ಬೇಡವೆಂದರು. ನಮ್ಮೂರಿನ ರೈತನನ್ನು ಯಾರೂ ಏನನ್ನೂ ಕೇಳಲಿಲ್ಲ. ಮಕ್ಕಳಿಗೆ ಇದನ್ನೂ ಸೇರಿಸಿ ಹೇಳೋಣ.

ಸದಸ್ಯರ ಮನೆತನದಲ್ಲಿ ಆ ಕಾಲದ ಪದಕ, ಪತ್ರಗಳಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಅವಕ್ಕೆ ಜಾಗ ಕಾದಿರಿಸಿದ್ದೇವೆ.