ಕೊಂಡವರ ಆಟಿಕೆ, ಕಂಪನಿಯ ಬೀಗ

ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಸಾಧನಗಳಿಗಾಗಿ ಹವ್ಯಾಸಿಗಳು ಕಂಪನಿಯ ಒಪ್ಪಿಗೆಗೆ ಕಾಯದೆ ತಾವೇ ಬರೆದು ಓಡಿಸುವ ತಂತ್ರಾಂಶಕ್ಕೆ ಹೋಮ್‌ಬ್ರೂ ಎಂಬ ಹೆಸರು ರೂಢಿಯಲ್ಲಿದೆ. ಇದನ್ನು ಬರೆಯುವವರನ್ನೂ ಕದ್ದ ಆಟಗಳನ್ನು ಮಾರುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ವಾದ ಎರಡು ದಶಕಗಳಿಂದ ನಡೆದುಬಂದಿದೆ. ಭಾರತದ ಕಾಯ್ದೆಯನ್ನು ಓದಿದರೆ ಆ ವಾದ ನಿಲ್ಲುವುದಿಲ್ಲ. ಕನ್ನಡದ ಹಿತದಿಂದ ನೋಡಿದರೆ ಅದು ಅಪಾಯಕಾರಿಯೂ ಹೌದು.

ಬೀಗ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಇಂಥ ಸಾಧನವು ಕಂಪನಿಯ ಡಿಜಿಟಲ್ ಸಹಿ, ಅಂದರೆ ನಕಲು ಮಾಡಲಾಗದ ಗಣಿತದ ಮುದ್ರೆ, ಇರುವ ತಂತ್ರಾಂಶವನ್ನು ಮಾತ್ರ ಓಡಿಸುತ್ತದೆ. 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ, ಮುಂದೆ ಭಾರತದಲ್ಲೂ ಮಾರಾಟವಾದ ಸೋನಿಯ ಪಿಎಸ್‌ಪಿ ಸಾಧನದಲ್ಲಿ ಈ ಬೀಗದ ಪಕ್ಕದಲ್ಲೇ ಇನ್ನೊಂದು ಬಾಗಿಲಿತ್ತು. ಬ್ಯಾಟರಿಯೊಳಗಿನ ಪುಟ್ಟ ಚಿಪ್‌ನಲ್ಲಿ ಒಂದು ಕ್ರಮಸಂಖ್ಯೆ ಇರುತ್ತಿತ್ತು. ಆ ಸಂಖ್ಯೆಯನ್ನು ಒಂದು ನಿರ್ದಿಷ್ಟ ಮೌಲ್ಯಕ್ಕೆ ಬದಲಿಸಿದರೆ ಸಾಧನವು ದುರಸ್ತಿ ಸ್ಥಿತಿಗೆ ಹೋಗಿ, ತನ್ನ ಒಳಸ್ಮರಣೆಯನ್ನು ಬಿಟ್ಟು ಮೆಮೊರಿ ಕಾರ್ಡ್‌ನಿಂದ ಚಾಲೂ ಆಗುತ್ತಿತ್ತು. ಕಂಪನಿಯ ದುರಸ್ತಿಗಾರರಿಗೆಂದು ಇಟ್ಟಿದ್ದ ಈ ದಾರಿಯನ್ನು 2007ರಲ್ಲಿ ಹವ್ಯಾಸಿಗಳು ಕಂಡುಕೊಂಡರು, ಮತ್ತು ಕೆಟ್ಟು ಮೂಲೆ ಸೇರಿದ್ದ ಎಷ್ಟೋ ಸಾಧನಗಳು ಅದರಿಂದಲೇ ಮತ್ತೆ ಜೀವ ಪಡೆದವು. ಬಾಗಿಲು ಇಡುವುದು ತಪ್ಪಲ್ಲವಾದರೆ, ಹಣ ಕೊಟ್ಟು ಮನೆಗೆ ತಂದವನು ಅದೇ ಬಾಗಿಲಿನಿಂದ ಒಳಹೋಗುವುದು ಮಾತ್ರ ಹೇಗೆ ತಪ್ಪಾಗುತ್ತದೆ?

ಕನ್ನಡದ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ. ಪಿಎಸ್‌ಪಿಯ ಪರದೆಯ ಭಾಷೆಗಳ ಪಟ್ಟಿಯಲ್ಲಿ ಜಪಾನಿ, ಡಚ್, ರಷ್ಯನ್ ಇದ್ದವು, ಕನ್ನಡ ಇರಲಿಲ್ಲ. ಅದರ ನಂತರ ಬಂದ ನಿಂಟೆಂಡೊ ಸ್ವಿಚ್‌ನಲ್ಲೂ ಇಲ್ಲ. ಕನ್ನಡ ಲಿಪಿಯನ್ನು ಪರದೆಯ ಮೇಲೆ ಮೂಡಿಸಲು ಅಕ್ಷರಗಳ ಚಿತ್ರವಷ್ಟೇ ಸಾಲದು, ಒತ್ತಕ್ಷರಗಳನ್ನು ಕೂಡಿಸುವ ತಂತ್ರಾಂಶವೂ ಬೇಕು; ಅದಿಲ್ಲದ ಯಂತ್ರದಲ್ಲಿ ‘ಕೊಪ್ಪಳ’ ಎಂಬುದು ‘ಕೊಪ್‌ಪಳ’ ಎಂದೂ ‘ಕುಷ್ಟಗಿ’ ಎಂಬುದು ‘ಕುಷ್‌ಟಗಿ’ ಎಂದೂ ಒಡೆದು ಕಾಣುತ್ತದೆ. ಮಾರುಕಟ್ಟೆ ಚಿಕ್ಕದೆಂದು ಕಂಪನಿ ಮಾಡದ ಈ ಕೆಲಸವನ್ನು ಯಲಬುರ್ಗಾದ ಒಬ್ಬ ವಿದ್ಯಾರ್ಥಿ ಮಾಡಲು ಹೊರಟರೆ ಅವನಿಗಿರುವ ಏಕೈಕ ದಾರಿ ಹೋಮ್‌ಬ್ರೂ. ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ ತಂತ್ರಾಂಶವನ್ನು ಹೊರತಂದದ್ದು 1998ರಲ್ಲಿ. ವಿಂಡೋಸ್ ತಾನಾಗಿ ಯುನಿಕೋಡ್ ಕನ್ನಡವನ್ನು ತೋರಿಸತೊಡಗಿದ್ದು 2001ರ ಎಕ್ಸ್‌ಪಿ ಆವೃತ್ತಿಯಿಂದ. ಗಣಕಗಳೂ ಕಂಪನಿಯ ಸಹಿ ಇದ್ದುದನ್ನು ಮಾತ್ರ ಓಡಿಸುವ ಯಂತ್ರಗಳಾಗಿದ್ದರೆ, ನಡುವಿನ ಆ ವರ್ಷಗಳಲ್ಲಿ ಮನೆಮನೆಯ ಗಣಕದಲ್ಲಿ ಕನ್ನಡ ಮೂಡಲು ಯಾರೋ ದೂರದವರ ಅಪ್ಪಣೆ ಬೇಕಾಗುತ್ತಿತ್ತು.

ಕಾಯ್ದೆ ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ತಾಂತ್ರಿಕ ಬೀಗವನ್ನು ಮುರಿಯುವುದಕ್ಕೆ ಎರಡು ವರ್ಷದವರೆಗಿನ ಸೆರೆಯನ್ನೂ ದಂಡವನ್ನೂ ವಿಧಿಸುತ್ತದೆ, ಆದರೆ ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶ ಇದ್ದಾಗ ಮಾತ್ರ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆರೆದರೆ ಅದು ಅಪರಾಧವಲ್ಲವೆಂದು ಅದೇ ಕಲಮು ಹೇಳುತ್ತದೆ. ಸ್ವತಂತ್ರವಾಗಿ ಬರೆದ ತಂತ್ರಾಂಶವು ಬೇರೆ ತಂತ್ರಾಂಶದೊಡನೆ ಹೊಂದಿ ನಡೆಯಲು ಬೇಕಾದ ಮಾಹಿತಿ ಸುಲಭವಾಗಿ ಸಿಗದಿದ್ದಾಗ ಅದನ್ನು ಪಡೆಯುವ ಕ್ರಿಯೆಯನ್ನು 52ನೇ ಕಲಮು ಉಲ್ಲಂಘನೆಯ ಪಟ್ಟಿಯಿಂದಲೇ ಹೊರಗಿಟ್ಟಿದೆ. ಅಮೆರಿಕದಲ್ಲಿ 2010ರಲ್ಲಿ ಮೊಬೈಲ್ ಫೋನುಗಳ ಬೀಗ ತೆಗೆಯಲು ವಿನಾಯಿತಿ ಕೊಟ್ಟು, 2012ರಲ್ಲಿ ಗೇಮ್ ಸಾಧನಗಳಿಗೆ ಅದನ್ನು ನಿರಾಕರಿಸಿದ್ದನ್ನು ನೆನೆದರೆ, ನಮ್ಮ ಸಂಸತ್ತಿನ ವಿವೇಕ ಮೆಚ್ಚತಕ್ಕದ್ದು.

ಆದರೂ ಅದೇ ಕಲಮಿನಲ್ಲಿ ಒಂದು ಮುಳ್ಳಿದೆ. ಇನ್ನೊಬ್ಬರಿಗಾಗಿ ಬೀಗ ತೆರೆದುಕೊಡುವವರು ಆ ವ್ಯಕ್ತಿಯ ಹೆಸರು, ವಿಳಾಸ, ಗುರುತಿನ ವಿವರ, ಉದ್ದೇಶ ಇಷ್ಟನ್ನೂ ಬರೆದಿಡಬೇಕು. ಗಂಗಾವತಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಡಿಸ್‌ಪ್ಲೇ ಬದಲಿಸುತ್ತ, ಚಾರ್ಜಿಂಗ್ ಪಿನ್ನು ಬೆಸೆಯುತ್ತ ದಿನ ದೂಡುವ ಮೆಕ್ಯಾನಿಕ್ಕನು ಪೊಲೀಸ್ ಠಾಣೆಯಂತೆ ದಫ್ತರ ಇಡಬೇಕೆಂಬ ಈ ನಿಯಮವು ಪ್ರಾಮಾಣಿಕರನ್ನು ಹೆದರಿಸುತ್ತದೆಯೇ ಹೊರತು ಕಳ್ಳವ್ಯಾಪಾರಿಯನ್ನು ತಡೆಯುವುದಿಲ್ಲ. ಇದನ್ನು ತೆಗೆದುಹಾಕಬೇಕು.

ಹೋಮ್‌ಬ್ರೂ ದಾರಿಯಲ್ಲೇ ಕದ್ದ ಆಟಗಳೂ ಬರುತ್ತವೆ ಎಂಬ ಕಂಪನಿಗಳ ದೂರು ಸುಳ್ಳಲ್ಲ. ಆಟ ಬರೆದವರ ದುಡಿಮೆಯನ್ನು ಕದಿಯುವುದು ಅನ್ಯಾಯ; ಅದಕ್ಕೆ ಶಿಕ್ಷೆ ಕಾಯ್ದೆಯಲ್ಲೇ ಇದೆ. ಕಳ್ಳನಿದ್ದಾನೆಂದು ಮನೆಯೊಡೆಯನ ಕೈಯಿಂದಲೂ ಕೀಲಿ ಕಸಿಯುವುದು ಬೇರೆಯ ಮಾತು. 2025ರ ಮೇ ತಿಂಗಳಲ್ಲಿ ನಿಂಟೆಂಡೊ ಕಂಪನಿ ಅಮೆರಿಕದ ಬಳಕೆದಾರರ ಕರಾರನ್ನು ತಿದ್ದಿ, ಷರತ್ತು ಮೀರಿದವರ ಸಾಧನವನ್ನೇ ಶಾಶ್ವತವಾಗಿ ನಿರುಪಯುಕ್ತಗೊಳಿಸುವ ಹಕ್ಕನ್ನು ತನಗೆ ತಾನೇ ಬರೆದುಕೊಂಡಿತು: ತನಿಖೆ, ತೀರ್ಪು, ಶಿಕ್ಷೆ ಮೂರೂ ಮಾರಾಟಗಾರನ ಕೈಯಲ್ಲಿ. ಇಂಥ ಏಕಪಕ್ಷೀಯ ಷರತ್ತುಗಳನ್ನು ಪ್ರಶ್ನಿಸಲು ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಕರಾರು’ ಎಂಬ ಪರಿಕಲ್ಪನೆಯನ್ನು ತಂದಿತಾದರೂ, ಅದನ್ನು ವಿಚಾರಿಸುವ ಅಧಿಕಾರವನ್ನು ಜಿಲ್ಲಾ ಆಯೋಗಕ್ಕೆ ಕೊಡಲಿಲ್ಲ; ಕೆಲವು ಸಾವಿರ ರೂಪಾಯಿಯ ಸಾಧನಕ್ಕಾಗಿ ಕುಷ್ಟಗಿಯ ಗ್ರಾಹಕನು ರಾಜ್ಯ ಆಯೋಗದವರೆಗೆ ಹೋಗಬೇಕು.

ಈ ಊರುಗಳಿರುವ ಕೊಪ್ಪಳ ಜಿಲ್ಲೆಗೆ ಆಟಿಕೆ ಹೊಸದಲ್ಲ. ಕಿನ್ನಾಳದ ಚಿತ್ರಗಾರರು ಹಗುರ ಮರಕ್ಕೆ ಹುಣಸೆ ಬೀಜದ ಅಂಟು ಬಳಿದು ಬಣ್ಣ ಹಚ್ಚಿದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅದನ್ನು ಕೊಂಡವರು ಬಣ್ಣ ಮಾಸಿದಾಗ ಮತ್ತೆ ಹಚ್ಚಲು ಯಾರನ್ನೂ ಕೇಳಬೇಕಿಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಭಾನಾಪುರದಲ್ಲಿ, ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. ಸರ್ಕಾರದ ಪ್ರೋತ್ಸಾಹದಿಂದ ಇಲ್ಲಿ ತಯಾರಾಗುವ ಪ್ರತಿ ಎಲೆಕ್ಟ್ರಾನಿಕ್ ಆಟಿಕೆಯನ್ನೂ ಕೊಂಡವರು ತೆರೆಯಬಹುದು, ರಿಪೇರಿ ಮಾಡಬಹುದು, ತಮ್ಮ ಭಾಷೆಯ ತಂತ್ರಾಂಶ ಹಾಕಬಹುದು ಎಂಬ ಷರತ್ತನ್ನು ರಾಜ್ಯ ಸರ್ಕಾರ ತನ್ನ ರಿಯಾಯಿತಿಗಳ ಆದೇಶದಲ್ಲೇ ಸೇರಿಸಲಿ.